ವಾಹನ ಪರಿಮಾಣ ಮತ್ತು ವಿದ್ಯುತ್ ಕಾರು

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಗೃಹಸ್ಥನು ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿಯೊಂದನ್ನು ಕೊಡುತ್ತಾರೆ. ಅದರಲ್ಲಿ ಮೊದಲನೆಯದು ಆಹಾರ, ಎರಡನೆಯದೇ ವಾಹನ. ಹಾಸಿಗೆ, ಸ್ನಾನ, ಅಂಗರಾಗ, ಹೂವು, ತಾಂಬೂಲ, ಉಡಿಗೆ, ತೊಡಿಗೆ, ಸಂಗೀತಗಳೆಲ್ಲ ಅನಂತರ ಬರುತ್ತವೆ. ಶ್ಲೋಕದ ಛಂದಸ್ಸು ಬೇಡಿದ ಕ್ರಮ ಅದಾಗಿರಬಹುದು. ಅದಕ್ಕೆ ಹೆಚ್ಚಿನ ಅರ್ಥ ಹಚ್ಚುವುದು ಬೇಡ. ಆದರೂ ಎತ್ತಿನ ಬಂಡಿ, ಕುದುರೆ, ಪಲ್ಲಕ್ಕಿಗಳ ಕಾಲದ ಗ್ರಂಥವೊಂದು ವಾಹನವನ್ನು ಊಟದ ಪಕ್ಕದಲ್ಲೇ ಇರಿಸಿದೆ ಎಂಬುದು ಇಂದಿನ ಬೆಂಗಳೂರಿನ ಶ್ರಾವಕನು ತುಸು ನಿಂತು ಯೋಚಿಸಬೇಕಾದ ಸಂಗತಿ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಅನೇಕ ಮನೆಗಳಲ್ಲಿ ಈಗ ಹಳೆಯ ಕಾರನ್ನು ಬದಲಿಸುವ ಮಾತು ಬಂದಾಗ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ಪೆಟ್ರೋಲಿನದೋ, ವಿದ್ಯುತ್ತಿನದೋ ಎಂಬುದು ಒಂದು. ವಿದ್ಯುತ್ತಿನದಾದರೆ ನೂರು ವರ್ಷದ ಹೆಸರುಳ್ಳ ಕಂಪನಿಯದೋ, ಈಚೆಗೆ ಹುಟ್ಟಿದ ಕಂಪನಿಯದೋ ಎಂಬುದು ಮತ್ತೊಂದು. ಚಿಕ್ಕಪೇಟೆಯಲ್ಲೋ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲೋ ವ್ಯಾಪಾರ ನಡೆಸಿ ಎರಡು ತಲೆಮಾರುಗಳಲ್ಲಿ ಅನುಕೂಲಸ್ಥವಾದ ಕುಟುಂಬಕ್ಕೆ ಅರವತ್ತು ಲಕ್ಷದ ಕಾರು ಅಸಾಧ್ಯವೇನಲ್ಲ. ಹಣವಿದ್ದೂ ಮನಸ್ಸು ಅಳುಕಿದರೆ, ಆ ಅಳುಕನ್ನು ನಿವಾರಿಸಲು ಒಂದು ಮಾತು ಸಿದ್ಧವಾಗಿದೆ: ಇದು ಅಹಿಂಸೆಯ ವಾಹನ, ಹೊಗೆಯಿಲ್ಲ, ಸದ್ದಿಲ್ಲ, ಜೀವಗಳಿಗೆ ತೊಂದರೆಯಿಲ್ಲ. ಈ ಮಾತು ಎಷ್ಟರ ಮಟ್ಟಿಗೆ ನಿಜ, ಎಲ್ಲಿಗೆ ಅದರ ಸತ್ಯ ಮುಗಿಯುತ್ತದೆ ಎಂಬುದನ್ನು ಪರಿಶೀಲಿಸದೆ ಎರಡು ಕಂಪನಿಗಳನ್ನು ತೂಗಿ ನೋಡುವುದರಿಂದ ಪ್ರಯೋಜನವಿಲ್ಲ.

ಅದರಲ್ಲಿ ನಿಜ ಇದ್ದೇ ಇದೆ. ಸಂಜೆಯ ಹೊತ್ತು ಮಾಗಡಿ ರಸ್ತೆಯಲ್ಲೋ ನವರಂಗ್ ವೃತ್ತದ ಸಿಗ್ನಲ್ಲಿನಲ್ಲೋ ನಿಂತ ವಾಹನಗಳ ಹೊಗೆಯನ್ನು ಕುಡಿಯುವವರು ಕಾರಿನ ಗಾಜಿನೊಳಗೆ ತಣ್ಣಗೆ ಕುಳಿತವರಲ್ಲ; ಸ್ಕೂಟರಿನ ಹಿಂದೆ ಕುಳಿತ ಮಗು, ಪಾದಚಾರಿ ಮಾರ್ಗದ ಹೂವಿನ ವ್ಯಾಪಾರಿ, ವೃತ್ತದ ನಡುವೆ ನಿಂತ ಪೋಲೀಸು ಪೇದೆ. ಹೊಗೆ ಬಿಡದ ಕಾರು ಅವರ ಶ್ವಾಸಕೋಶಗಳಿಗೆ ಮಾಡುವ ಉಪಕಾರ ಚಿಕ್ಕದಲ್ಲ. ಪೆಟ್ರೋಲಿನ ಕಾರು ಅಗತ್ಯವಾಗಿಯೇ ಓಡಬೇಕಾದ ಮನೆಯಲ್ಲಿ ಅದರ ಸ್ಥಾನಕ್ಕೆ ವಿದ್ಯುತ್ ಕಾರು ಬಂದರೆ ಅದು ಒಳ್ಳೆಯ ಬದಲಾವಣೆಯೇ. ಈ ಮಾತನ್ನು ಮುಂದಿನ ಆಕ್ಷೇಪಗಳ ನಡುವೆ ಮರೆಯಬಾರದು.

ಇನ್ನು ಹಳತು ಹೊಸತುಗಳ ವಿಷಯ. ಬೆಂಗಳೂರಿಗೆ ಈ ಪ್ರಶ್ನೆ ಹೊಸದಲ್ಲ. 1994ರಲ್ಲಿ ಇಲ್ಲಿನ ಮೈನಿ ಸಮೂಹವು ಅಮೆರಿಕದ ಪಾಲುದಾರರೊಡನೆ ಸೇರಿ ರೇವಾ ಕಂಪನಿಯನ್ನು ಆರಂಭಿಸಿತು. ಚೇತನ್ ಮೈನಿಯವರು ರೂಪಿಸಿದ ಆ ಪುಟ್ಟ ಕಾರು ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಸಿದ್ಧವಾಗಿ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಉದ್ದ ಸುಮಾರು 2.6 ಮೀಟರು; ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು; ಸೀಸದ ಬ್ಯಾಟರಿಗಳು; ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಿತು. ಇಷ್ಟಾಗಿಯೂ ಹತ್ತು ವರ್ಷಗಳಲ್ಲಿ ಲೋಕದಾದ್ಯಂತ ಮಾರಾಟವಾದದ್ದು ನಾಲ್ಕು ಸಾವಿರಕ್ಕೆ ಸ್ವಲ್ಪ ಹೆಚ್ಚು ಮಾತ್ರ. 2010ರಲ್ಲಿ ಕಂಪನಿಯ ಬಹುಪಾಲು ಷೇರುಗಳನ್ನು 1945ರ ಹಳೆಯ ಮನೆತನವಾದ ಮಹೀಂದ್ರ ಕೊಂಡಿತು. 2013ರಲ್ಲಿ ಇ2ಓ ಎಂಬ ಹೊಸ ರೂಪ ಬಂದು ಕೆಲವು ವರ್ಷಗಳಲ್ಲಿ ಅದರ ತಯಾರಿಕೆಯೂ ನಿಂತಿತು. ಹೊಸ ಕಂಪನಿಯ ಸಾಹಸವೂ ಹಳೆಯ ಕಂಪನಿಯ ಬಂಡವಾಳವೂ ಹೀಗೆ ಒಂದರೊಳಗೊಂದು ಕರಗಿದವು. 2024ರ ನವೆಂಬರಿನಲ್ಲಿ ಮಹೀಂದ್ರ ಹೊರತಂದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳ ಹಿಂದೆ ಆ ಬೆಂಗಳೂರಿನ ಅನುಭವವೂ ಇದೆ.

ಆದ್ದರಿಂದ ಯಾರು ಹೊಸಬರು, ಯಾರು ಹಳಬರು ಎಂಬ ಗೆರೆ ಮೇಲೆ ಕಾಣುವಷ್ಟು ನೇರವಾಗಿಲ್ಲ. ಮರ್ಸಿಡಿಸ್ ಬೆಂಜ್ ತನ್ನ ವಂಶವನ್ನು 1886ರ ಮೊದಲ ಮೋಟಾರು ಗಾಡಿಗೆ ಒಯ್ಯುತ್ತದೆ. ವೋಲ್ವೊ 1927ರದು, ಆದರೆ 2010ರಿಂದ ಚೀನದ ಗೀಲಿ ಕಂಪನಿಯ ಒಡೆತನದಲ್ಲಿದೆ; ಅದರ ವಿದ್ಯುತ್ ಕಾರು 2022ರಿಂದ ಬೆಂಗಳೂರಿಗೆ ಅನತಿದೂರದ ಹೊಸಕೋಟೆಯಲ್ಲಿ ಜೋಡಣೆಗೊಂಡಿತು. ಟೆಸ್ಲಾ 2003ರದು, 2021ರ ಜನವರಿಯಲ್ಲಿ ಭಾರತದ ಅಂಗಸಂಸ್ಥೆಯನ್ನು ಬೆಂಗಳೂರಿನಲ್ಲೇ ನೋಂದಾಯಿಸಿದರೂ ಅಂಗಡಿ ತೆರೆದದ್ದು 2025ರ ಜುಲೈಯಲ್ಲಿ, ಮುಂಬಯಿಯಲ್ಲಿ. ಬಿವೈಡಿ 1995ರಲ್ಲಿ ಬ್ಯಾಟರಿ ಮಾಡುವ ಕಂಪನಿಯಾಗಿ ಹುಟ್ಟಿತು. ವಿಯೆಟ್ನಾಮಿನ ವಿನ್‌ಫಾಸ್ಟ್ 2017ರದು. ತಮಿಳುನಾಡಿನ ತೂತ್ತುಕುಡಿಯಲ್ಲಿ ಅದರ ಕಾರ್ಖಾನೆ ಆರಂಭವಾದದ್ದು 2025ರಲ್ಲಿ.

ವಯಸ್ಸಿನಿಂದ ಸತ್ಯಸಂಧತೆ ಬರುವುದೇ ಎಂದರೆ ಅದೂ ಇಲ್ಲ. 2015ರಲ್ಲಿ ಜಗತ್ತಿನ ಅತಿ ದೊಡ್ಡ, ಅತಿ ಪ್ರತಿಷ್ಠಿತ ಕಾರು ಕಂಪನಿಗಳಲ್ಲೊಂದಾದ ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳ ಹೊಗೆಯ ಪರೀಕ್ಷೆಯಲ್ಲಿ ಮೋಸದ ಸಾಧನ ಬಳಸಿದ್ದನ್ನು ಒಪ್ಪಿಕೊಳ್ಳಬೇಕಾಯಿತು. ಪರೀಕ್ಷೆ ನಡೆಯುವಾಗ ಒಂದು ನಡತೆ, ರಸ್ತೆಯಲ್ಲಿ ಇನ್ನೊಂದು. ಅತ್ತ, ಕಾರು ತಾನೇ ನಡೆಸಿಕೊಳ್ಳುತ್ತದೆಂಬ ಭಾವನೆ ಬರುವ ಹೆಸರನ್ನು ತನ್ನ ಸಾಧನಕ್ಕೆ ಇಟ್ಟ ಟೆಸ್ಲಾ, ಚಾಲಕರ ಗಮನ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ ಸಾಲದೆಂಬ ಕಾರಣಕ್ಕೆ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಇಪ್ಪತ್ತು ಲಕ್ಷ ಕಾರುಗಳ ತಂತ್ರಾಂಶವನ್ನು ತಿದ್ದಬೇಕಾಯಿತು. ಎಲ್ಲ ಕಾರುಗಳೂ 2030ರೊಳಗೆ ವಿದ್ಯುತ್ತಿನವೇ ಆಗುವುವೆಂದು 2021ರಲ್ಲಿ ಮಾತು ಕೊಟ್ಟ ವೋಲ್ವೊ 2024ರಲ್ಲಿ ಆ ಮಾತನ್ನು ಸಡಿಲಿಸಿತು. ಹೊಸ ಕಂಪನಿಗಳ ದೊಡ್ಡ ಅಪಾಯ ಬೇರೆಯದು: ಅಮೆರಿಕದ ಫಿಸ್ಕರ್ ಕಂಪನಿ 2024ರ ಜೂನಿನಲ್ಲಿ ದಿವಾಳಿಗೆ ಅರ್ಜಿ ಹಾಕಿದಾಗ ಅದರ ಕಾರು ಕೊಂಡವರು ಬಿಡಿಭಾಗಗಳಿಗೂ ತಂತ್ರಾಂಶಕ್ಕೂ ಪರದಾಡಿದರು. ರಿಪೇರಿಯಾಗದ ಕಾರು ಎಂಟು ಹತ್ತು ವರ್ಷ ಬಾಳುವ ಬದಲು ಮೂರನೆಯ ವರ್ಷಕ್ಕೆ ಗುಜರಿ ಸೇರುತ್ತದೆ. ಅದಕ್ಕಾಗಿ ಅಗೆದ ಅದಿರೂ ಸುಟ್ಟ ಕಲ್ಲಿದ್ದಲೂ ವ್ಯರ್ಥವಾದಂತೆ. ಹಳೆಯ ಕಂಪನಿಯನ್ನು ಆರಿಸಲು ಶ್ರಾವಕನಿಗೆ ಇರುವ ನ್ಯಾಯವಾದ ಕಾರಣ ಇದೊಂದೇ. ಮುಂಭಾಗದಲ್ಲಿ ಹೊಳೆಯುವ ಲಾಂಛನ ಆ ಕಾರಣವಲ್ಲ.

ಜೈನ ಗೃಹಸ್ಥನಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಕಾರಿನ ಆಸನದಲ್ಲಿದೆ. ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟು, ಚರ್ಮದ ಪಾಕೀಟುಗಳನ್ನು ತೆಗೆದಿಟ್ಟು ಒಳಗೆ ಹೋಗುವ ಕ್ರಮ ಬಹುತೇಕ ಮನೆಗಳಲ್ಲಿ ಉಳಿದಿದೆ. ಮಕ್ಕಳಿಗೂ ಅದನ್ನು ಹೇಳಿಕೊಡುತ್ತಾರೆ. ಆದರೆ ಅದೇ ಬಾಗಿಲಿನವರೆಗೆ ಅವರನ್ನು ಕರೆತಂದ ಕಾರಿನಲ್ಲಿ ಐದು ಆಸನಗಳು, ಬಾಗಿಲುಗಳ ಒಳಮೈ, ಸ್ಟೀರಿಂಗ್ ಚಕ್ರ ಎಲ್ಲಕ್ಕೂ ತೊಗಲು ಹೊದಿಸಿದ್ದರೆ ಸೊಂಟಪಟ್ಟಿಯೊಂದನ್ನು ಬಿಚ್ಚಿಟ್ಟದ್ದಕ್ಕೆ ಏನು ಅರ್ಥ? ದುಬಾರಿ ಕಾರುಗಳಲ್ಲಿ ಮೆದುವಾದ ತೊಗಲನ್ನು ಇಂದಿಗೂ ಹೆಮ್ಮೆಯ ವಿಷಯವಾಗಿ ಮಾರುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಲ್ಲಿ ಇಲ್ಲಿ ಹಿಂಸೆ ಒಳಬರುವುದು ಎರಡನೆಯದರಿಂದಲೂ ಮೂರನೆಯದರಿಂದಲೂ. ಗೃಹಸ್ಥನಿಗೆ ತಪ್ಪಿಸಲಾಗದ ಆರಂಭೀ, ಉದ್ಯೋಗೀ ಹಿಂಸೆಗಳ ಪಟ್ಟಿಗೆ ಇದನ್ನು ಸೇರಿಸುವಂತೆಯೂ ಇಲ್ಲ. ಬಟ್ಟೆಯ ಆಸನದ ಮೇಲೆ ಕುಳಿತು ಹೋದರೂ ಕಾರು ಅದೇ ಸ್ಥಳ ತಲಪುತ್ತದೆ.

ಈ ವಿಷಯದಲ್ಲಿ ಹೊಸಬರು ಮುಂದಿದ್ದಾರೆಂದು ಒಪ್ಪಬೇಕು. ಟೆಸ್ಲಾ ಮೊದಲು ಆಸನಗಳಲ್ಲಿ, ಕೆಲವು ವರ್ಷಗಳ ತರುವಾಯ ಸ್ಟೀರಿಂಗಿನಲ್ಲೂ ಚರ್ಮವನ್ನು ಬಿಟ್ಟಿತು. ಹಳಬರು ಆ ಮೇಲೆ ಎಚ್ಚೆತ್ತರು. ಪೋರ್ಷೆಯು 2019ರ ಟೈಕಾನ್ ಕಾರಿನಲ್ಲಿ ಚರ್ಮವಿಲ್ಲದ ಒಳಾಂಗಣವನ್ನು ಕೇಳಿದವರಿಗೆ ಕೊಡುತ್ತೇನೆಂದಿತು. ವೋಲ್ವೊ ತನ್ನ ಎಲ್ಲ ಪೂರ್ಣ ವಿದ್ಯುತ್ ಕಾರುಗಳಿಂದ ಚರ್ಮವನ್ನು ತೆಗೆಯುವುದಾಗಿ 2021ರಲ್ಲಿ ಪ್ರಕಟಿಸಿತು, ಉಣ್ಣೆ ಬೆರೆತ ಬಟ್ಟೆಯನ್ನು ಮಾತ್ರ ಉಳಿಸಿಕೊಂಡಿತು. ಬಿಎಂಡಬ್ಲ್ಯು 2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಿಚ್ಚುಮನಸ್ಸಿನಿಂದ ಲೆಕ್ಕವನ್ನೇ ಕೊಟ್ಟಿತು: ಚರ್ಮ ಬಿಟ್ಟ ಮೇಲೂ ಕಾರಿನ ಶೇಕಡಾ ಒಂದಕ್ಕಿಂತ ಕಡಿಮೆ ಭಾಗಗಳಲ್ಲಿ ಪ್ರಾಣಿಮೂಲದ ಅಂಶ ಉಳಿಯುತ್ತದೆ, ರಕ್ಷಣಾ ಲೇಪಗಳಲ್ಲಿ ಜೆಲಟಿನ್, ಬಣ್ಣದಲ್ಲಿ ಉಣ್ಣೆಯ ಜಿಡ್ಡು ಮತ್ತು ಮೇಣ, ರಬ್ಬರಿನಂಥ ವಸ್ತುಗಳಲ್ಲಿ ಕೊಬ್ಬು. ಸಂಪೂರ್ಣ ಅಹಿಂಸೆಯ ಕಾರು ಎಂದು ಹೇಳಿಕೊಳ್ಳುವವರ ಮಾತಿಗಿಂತ ಈ ಶೇಕಡಾ ಒಂದರ ಒಪ್ಪಿಗೆಯೇ ಹೆಚ್ಚು ವಿಶ್ವಾಸಾರ್ಹ. ಆದರೆ ಅದೇ ಕಂಪನಿಯ ಅದೇ ಕಾರಿಗೆ ತೊಗಲಿನ ಆಸನವೂ ಬೇಕಾದವರಿಗೆ ದೊರೆಯುತ್ತದೆ. ಹಾಗಾಗಿ ಕಂಪನಿಯ ಹೆಸರನ್ನು ನೋಡಿ ನಿಶ್ಚಿಂತನಾಗುವಂತಿಲ್ಲ. ಕೊಳ್ಳುವ ಕಾರಿನ ಪ್ರತಿಯೊಂದು ಹೊದಿಕೆಯನ್ನೂ ಕೇಳಿ, ಬರೆಹದಲ್ಲಿ ಪಡೆಯಬೇಕು. ಕಂಪನಿ ಬಟ್ಟೆಯ ಆಸನ ಕೊಟ್ಟರೂ ಅಂಗಡಿಯವನು ಉಡುಗೊರೆಯೆಂದು ಚರ್ಮದ ಹೊದಿಕೆ ಹಾಕಿಸಿಕೊಟ್ಟರೆ ಮಾಡಿದ ವಿಚಾರಣೆಯೆಲ್ಲ ನೀರುಪಾಲು.

ಚರ್ಮವು ಕಣ್ಣಿಗೆ ಕಾಣುವ ಹಿಂಸೆ. ಬ್ಯಾಟರಿಯದು ಕಾಣದ್ದು. ವಿದ್ಯುತ್ ಕಾರಿನ ಬ್ಯಾಟರಿಗಳಲ್ಲಿ ಮುಖ್ಯವಾಗಿ ಎರಡು ಬಗೆ ಪ್ರಚಾರದಲ್ಲಿವೆ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತದ್ದು ಒಂದು. ಕಬ್ಬಿಣ ಮತ್ತು ಫಾಸ್ಫೇಟಿನದು ಇನ್ನೊಂದು. ಜಗತ್ತಿನ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಕೈಯಿಂದಲೇ ಅಗೆಯುವ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಿರುವುದನ್ನು ಆಮ್ನೆಸ್ಟಿ ಸಂಸ್ಥೆ 2016ರ ವರದಿಯಲ್ಲಿ ದಾಖಲಿಸಿತು. ಐಷಾರಾಮಿ ಕಾರುಗಳು ದೂರದ ಓಟಕ್ಕಾಗಿ ಬಹುಮಟ್ಟಿಗೆ ಮೊದಲನೆಯ ಬಗೆಯನ್ನೇ ನೆಚ್ಚಿವೆ. ಬಿವೈಡಿ 2020ರಲ್ಲಿ ತಂದ ಬ್ಲೇಡ್ ಬ್ಯಾಟರಿ, ಮಹೀಂದ್ರದ ಹೊಸ ಕಾರುಗಳ ಬ್ಯಾಟರಿ, ಟಾಟಾದ ನೆಕ್ಸಾನ್ ಬ್ಯಾಟರಿಗಳೆಲ್ಲ ಕೋಬಾಲ್ಟಿಲ್ಲದ ಎರಡನೆಯ ಬಗೆಯವು. ತೂಕ ಹೆಚ್ಚು, ಓಟ ಸ್ವಲ್ಪ ಕಡಿಮೆ, ಬಾಳಿಕೆ ಉತ್ತಮ. ಕಡಿಮೆ ಬೆಲೆಯ ಕಾರೇ ಕಡಿಮೆ ಪಾಪದ್ದಾಗುವ ಅಪರೂಪದ ಸಂದರ್ಭ ಇದು. ಆದರೆ ಬಿವೈಡಿಯ ಹೆಸರನ್ನು ಹೇಳಿದ ಮೇಲೆ, ಬ್ರೆಜಿಲಿನಲ್ಲಿ ಅದರ ಕಾರ್ಖಾನೆ ಕಟ್ಟುತ್ತಿದ್ದ ಗುತ್ತಿಗೆ ಕಾರ್ಮಿಕರನ್ನು ಗುಲಾಮಗಿರಿಗೆ ಸಮಾನವಾದ ಸ್ಥಿತಿಯಿಂದ ಬಿಡಿಸಿದ್ದಾಗಿ ಅಲ್ಲಿನ ಅಧಿಕಾರಿಗಳು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದನ್ನೂ ಹೇಳಲೇಬೇಕು.

ಲಿಥಿಯಂ ಇಲ್ಲದೆ ಇವೆರಡೂ ಆಗವು. ಅದು ಆಸ್ಟ್ರೇಲಿಯದಲ್ಲಿ ಬಂಡೆ ಸಿಡಿಸಿ, ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಆರಿಸಿ ದೊರೆಯುವ ವಸ್ತು. ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ನೆಲದಲ್ಲೂ ಲಿಥಿಯಂ ಇರುವುದನ್ನು ಅಣುಖನಿಜ ನಿರ್ದೇಶನಾಲಯ ಗುರುತಿಸಿದೆ. ದೂರದ ದೇಶದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಪೃಥ್ವೀಕಾಯ, ಅಪ್ಕಾಯ ಜೀವಗಳನ್ನು ಒಪ್ಪುವ ಮತಕ್ಕೆ ನೆಲವನ್ನು ಅಗೆಯುವುದೂ ನೀರನ್ನು ಬತ್ತಿಸುವುದೂ ಲೆಕ್ಕಕ್ಕೆ ಬಾರದ ಸಂಗತಿಗಳಲ್ಲ. ಶ್ವೇತಾಂಬರ ಪರಂಪರೆ ಹೇಳುವ ಹದಿನೈದು ಕರ್ಮಾದಾನಗಳಲ್ಲಿ ನೆಲ ಒಡೆಯುವ ಸ್ಫೋಟಕರ್ಮವೂ ಬಂಡಿ ಮಾಡುವ ಶಕಟಕರ್ಮವೂ ಸೇರಿವೆ. ಅವುಗಳನ್ನು ವೃತ್ತಿಯಾಗಿ ಮಾಡಬಾರದೆಂದು ಶಾಸ್ತ್ರ ಹೇಳಿತೇ ವಿನಾ ಬಂಡಿಯಲ್ಲಿ ಕೂರಲೇಬಾರದೆಂದು ಗೃಹಸ್ಥನಿಗೆ ಹೇಳಲಿಲ್ಲ. ಅಲ್ಲಿಗೆ ಪ್ರಶ್ನೆ ಎಷ್ಟು ಎಂಬುದಕ್ಕೆ ಬಂದು ನಿಲ್ಲುತ್ತದೆ.

ಎಷ್ಟು ಎಂಬುದನ್ನು ಅಂಕಿಗಳಲ್ಲಿ ನೋಡಬಹುದು. 2022ರ ಸೆಪ್ಟೆಂಬರಿನಲ್ಲಿ ಪುಣೆ ಬಳಿಯ ಚಾಕಣದಲ್ಲಿ ಜೋಡಿಸಿ ಮರ್ಸಿಡಿಸ್ ಹೊರತಂದ ಇಕ್ಯೂಎಸ್ 580 ಕಾರಿನ ಬ್ಯಾಟರಿಯಲ್ಲಿ 107.8 ಯೂನಿಟ್ ವಿದ್ಯುತ್ತು ಹಿಡಿಯುತ್ತದೆ. ತೂಕ ಸುಮಾರು ಎರಡೂವರೆ ಟನ್ನು. ಘೋಷಿತ ಓಟ 857 ಕಿಲೋಮೀಟರು. ಅಂದಿನ ಬೆಲೆ 1.55 ಕೋಟಿ ರೂಪಾಯಿ. ಬೆಂಗಳೂರಿನದೇ ಕಂಪನಿಯಾದ ಏಥರಿನ ಸ್ಕೂಟರೊಂದರಲ್ಲಿ 3.7 ಯೂನಿಟ್ಟಿನ ಬ್ಯಾಟರಿ ಇದೆ. ಆ ಒಂದು ಕಾರಿಗಾಗಿ ಅಗೆದು ತೆಗೆದ ವಸ್ತುವಿನಿಂದ ಇಪ್ಪತ್ತೊಂಬತ್ತು ಸ್ಕೂಟರುಗಳು ಹೊಗೆಯಿಲ್ಲದೆ ಓಡಬಹುದಿತ್ತು. ಬೆಂಗಳೂರಿನಿಂದ ಶ್ರವಣಬೆಳಗೊಳ ಸುಮಾರು 145 ಕಿಲೋಮೀಟರು. ಘೋಷಿತ ಓಟ ನಿಜವಾದರೆ ಆ ಕಾರು ಎರಡು ಸಲ ಗೊಮ್ಮಟನ ದರ್ಶನಕ್ಕೆ ಹೋಗಿ ಬಂದರೂ ಬ್ಯಾಟರಿಯಲ್ಲಿ ಮಿಕ್ಕಿರುತ್ತದೆ. ದಿನಂಪ್ರತಿ ರಾಜಾಜಿನಗರದಿಂದ ಚಿಕ್ಕಪೇಟೆಗೆ ಹೋಗಿಬರುವ ಮಾಲೀಕನು ಅಷ್ಟನ್ನೂ ಹೊತ್ತುಕೊಂಡೇ ತಿರುಗುತ್ತಾನೆ.

ಪರಿಗ್ರಹ ಪರಿಮಾಣ ವ್ರತಕ್ಕೆ ಸಮಂತಭದ್ರರು ಹೇಳುವ ಐದು ದೋಷಗಳನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ. ಐದರಲ್ಲಿ ಎರಡು ನೇರವಾಗಿ ವಾಹನಕ್ಕೆ ಸೇರಿದವು. ಎತ್ತುಗಳು ಸುಖವಾಗಿ ನಡೆಯುವಷ್ಟು ದೂರವನ್ನು ಮೀರಿ ಲೋಭದಿಂದ ಅವುಗಳನ್ನು ನಡೆಸುವುದೇ ಅತಿವಾಹನವೆಂದು ವ್ಯಾಖ್ಯಾನಕಾರ ಪ್ರಭಾಚಂದ್ರರು ಬಿಡಿಸಿ ಹೇಳಿದ್ದಾರೆ. ವಿದ್ಯುತ್ ಕಾರಿಗೆ ಎತ್ತಿಲ್ಲವಲ್ಲ ಎನ್ನಬಹುದು. ದಣಿಯುವ ಜೀವ ಗಾಡಿಯ ಮುಂದೆ ಇಲ್ಲ, ನಿಜ. ಅದು ಈಗ ಸ್ಟೀರಿಂಗಿನ ಹಿಂದೆ ಕುಳಿತಿದೆ. ಮದುವೆ ಮಂಟಪದ ಹೊರಗೆ ರಾತ್ರಿ ಹನ್ನೊಂದರವರೆಗೆ ಕಾದು, ಮಾಲೀಕನನ್ನು ಮನೆಗೆ ಬಿಟ್ಟು, ತಾನು ಕೆಂಗೇರಿಯಾಚೆಯ ಬಾಡಿಗೆಮನೆಗೆ ಬೈಕಿನಲ್ಲಿ ಹೋಗುವ ಚಾಲಕನಿಗೆ ಕಾರಿನ ಓಟ ಐನೂರೋ ಎಂಟುನೂರೋ ಎಂಬುದರಿಂದ ಆಗುವ ಉಪಕಾರವಿಲ್ಲ.

ಅತಿಸಂಗ್ರಹಕ್ಕೆ ದವಸದ ಕಣಜವೇ ಬೇಕಾಗಿಲ್ಲ. ಹತ್ತು ಕಿಲೋಮೀಟರಿನ ಅಗತ್ಯಕ್ಕೆ ಎಂಟುನೂರು ಕಿಲೋಮೀಟರಿನ ಶಕ್ತಿಯನ್ನು ಕೂಡಿಡುವುದೂ ಸಂಗ್ರಹವೇ. ಅತಿಭಾರ ಎಂಬಲ್ಲಿ ಶಾಸ್ತ್ರಕಾರರ ಕಣ್ಣ ಮುಂದೆ ಇದ್ದದ್ದು ಮೂಟೆಗಳನ್ನು ಹೊತ್ತ ಎತ್ತು. ಈಗ ಎಪ್ಪತ್ತು ಕಿಲೋ ತೂಗುವ ಒಬ್ಬ ಮನುಷ್ಯನನ್ನು ಒಯ್ಯಲು ಎರಡೂವರೆ ಸಾವಿರ ಕಿಲೋ ಲೋಹ ಚಲಿಸಬೇಕು, ವಾಹನವೇ ಭಾರವಾಗಿದೆ. ವಿಸ್ಮಯವನ್ನು ಕುರಿತು ಪ್ರಭಾಚಂದ್ರರು ಹೇಳುವ ಮಾತು ಸೂಕ್ಷ್ಮವಾದದ್ದು: ಬೇರೊಬ್ಬನಿಗೆ ಹೆಚ್ಚು ಲಾಭ ದೊರೆತಾಗ ತನಗಾಗುವ ವಿಷಾದವೇ ಅದು. ಕಾರಿನ ಆಯ್ಕೆಯಲ್ಲಿ ಈ ವಿಸ್ಮಯದ ಪಾತ್ರ ಎಷ್ಟೆಂಬುದನ್ನು ಬೀದಿಯಲ್ಲಿ ಎದುರುಮನೆಗೆ ಹೊಸ ಕಾರು ಬಂದ ವಾರ ಗಮನಿಸಿದರೆ ಸಾಕು.

ಇಲ್ಲಿ ವಿದ್ಯುತ್ತಿನ ಮೂಲದ ಮಾತೂ ಬರಬೇಕು. ಪಾವಗಡದ 2,050 ಮೆಗಾವ್ಯಾಟಿನ ಸೌರ ಉದ್ಯಾನ, ಶರಾವತಿಯ ಜಲವಿದ್ಯುತ್ತು, ಚಿತ್ರದುರ್ಗ ಗದಗಗಳ ಗಾಳಿಯಂತ್ರಗಳು ಇವೆಲ್ಲ ಕರ್ನಾಟಕದ ಭಾಗ್ಯ. ಅದರ ಜೊತೆಗೆ ರಾಯಚೂರು, ಬಳ್ಳಾರಿ, ಉಡುಪಿಯ ಸ್ಥಾವರಗಳು ಕಲ್ಲಿದ್ದಲನ್ನೂ ಸುಡುತ್ತವೆ. ಬಸವೇಶ್ವರನಗರದಲ್ಲಿ ಇಲ್ಲದ ಹೊಗೆ ಶಕ್ತಿನಗರದಲ್ಲಿ ಏಳುತ್ತದೆ. ಒಟ್ಟಿನಲ್ಲಿ ಪೆಟ್ರೋಲಿಗಿಂತ ಕಡಿಮೆಯೇ ಆದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮನೆಮನೆಯ ಕಾರುಗಳು ಚಾರ್ಜಿಗೆ ಕೂರುವುದು ರಾತ್ರಿ, ಪಾವಗಡದ ಫಲಕಗಳು ಮಲಗಿದ ಮೇಲೆ. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ಮನೆಯಲ್ಲಿ ಕಾರಿಗೆ ಮಾತ್ರ ರಾತ್ರಿಯೇ ಊಟ! ಹಾಸ್ಯವನ್ನು ಬದಿಗಿಟ್ಟರೂ, ಬಿಸಿಲಿರುವಾಗ ಅಂಗಡಿಯ ಚಾವಣಿಯ ಸೌರಫಲಕದಿಂದ ಚಾರ್ಜು ಮಾಡುವ ಸಣ್ಣ ಕಾರು ಮತ್ತು ನಡುರಾತ್ರಿ ಚಾರ್ಜಾಗುವ ದೊಡ್ಡ ಕಾರು ಎರಡಕ್ಕೂ ಒಂದೇ ಪುಣ್ಯದ ಪಟ್ಟ ಕೊಡುವುದು ಸರಿಯಲ್ಲ.

ತೆರಿಗೆಯ ವಿಷಯವನ್ನು ಧರ್ಮದ ಚರ್ಚೆಯಲ್ಲಿ ತರುವುದು ಕೆಲವರಿಗೆ ಒಗ್ಗದಿರಬಹುದು. ಆದರೆ ಪಾತ್ರಾಪಾತ್ರ ವಿವೇಕ ದಾನಕ್ಕೆ ಮಾತ್ರ ಸೀಮಿತವಲ್ಲ. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇಕಡಾ 5. 2025ರ ಸೆಪ್ಟೆಂಬರಿನ ಬದಲಾವಣೆಯ ತರುವಾಯ ದೊಡ್ಡ ಪೆಟ್ರೋಲ್ ಕಾರಿಗೆ ಶೇಕಡಾ 40. ಒಂದೂವರೆ ಕೋಟಿಯ ವಿದ್ಯುತ್ ಕಾರು ಕೊಳ್ಳುವವನಿಗೆ ಈ ಅಂತರದಿಂದ ಸಮಾಜ ಬಿಟ್ಟುಕೊಡುವ ಮೊತ್ತ ಅರ್ಧ ಕೋಟಿಯಷ್ಟಾಗುತ್ತದೆ. 2017ರಲ್ಲಿ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ತಂದ ಕರ್ನಾಟಕ, ರಸ್ತೆ ತೆರಿಗೆಯ ವಿನಾಯಿತಿಯನ್ನು ಬೆಲೆ ನೋಡದೆ ನೀಡಿತ್ತು. 2024ರ ತಿದ್ದುಪಡಿಯಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡಾ 10ರ ಆಜೀವ ತೆರಿಗೆ ಹಾಕಿತು. ಹಲವರು ಗೊಣಗಿದರು. ಆ ತೆರಿಗೆ ನ್ಯಾಯವಾದದ್ದೇ. ಹೊಗೆ ಕಡಿಮೆ ಮಾಡಲಿ ಎಂದು ಕೊಟ್ಟ ರಿಯಾಯಿತಿ ವೈಭವಕ್ಕೆ ಸಬ್ಸಿಡಿಯಾಗಿ ಹರಿದರೆ ಅದನ್ನು ಪಡೆಯುವ ಶ್ರಾವಕನೂ ಒಮ್ಮೆ ಸಂಕೋಚಪಡಬೇಕು.

ಇದಕ್ಕೆ ಬಲವಾದ ಪ್ರತಿವಾದವೊಂದಿದೆ. ನ್ಯಾಯದಿಂದ ಗಳಿಸಿದ ಹಣ, ವ್ರತದಲ್ಲಿ ಹಾಕಿಕೊಂಡ ಮಿತಿಯೊಳಗಿನ ವಸ್ತು, ಇರುವ ಎರಡು ಕಾರುಗಳಲ್ಲಿ ಒಂದನ್ನು ಮಾರಿ ಇನ್ನೊಂದನ್ನು ತರುವ ವ್ಯವಸ್ಥೆ: ಇದರಲ್ಲಿ ದೋಷವೆಲ್ಲಿ? ಪರಿಗ್ರಹ ಎಂದರೆ ವಸ್ತುವಲ್ಲ, ಮೂರ್ಛೆ ಎಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೇ ನಿರೂಪಿಸಿದೆಯಲ್ಲ. ಮಮಕಾರವಿಲ್ಲದೆ ಕೋಟಿಯ ಕಾರಿನಲ್ಲಿ ಕೂತವನಿಗಿಂತ ಮಮಕಾರದಿಂದ ಮುರುಕು ಸೈಕಲ್ಲನ್ನು ತಬ್ಬಿಕೊಂಡವನೇ ಹೆಚ್ಚು ಪರಿಗ್ರಹಿಯಲ್ಲವೇ? ತರ್ಕ ಸರಿಯಾಗಿದೆ. ಆದರೆ ಇದೇ ತರ್ಕವನ್ನು ಎಲ್ಲಿ ಬಳಸಲಾಗುತ್ತಿದೆ ಎಂಬುದು ಮುಖ್ಯ. ಸೂತ್ರಕಾರರು ಮೂರ್ಛೆಯನ್ನು ಹೇಳಿದ್ದು ವಸ್ತುವನ್ನು ಬಿಟ್ಟೂ ಆಸೆ ಬಿಡದವನನ್ನು ಎಚ್ಚರಿಸಲು. ವಸ್ತುವನ್ನು ತರಲು ಹೊರಟವನಿಗೆ ಅನುಮತಿಪತ್ರ ಕೊಡಲು ಅಲ್ಲ. ಮಮಕಾರ ನಿಜವಾಗಿ ಇಲ್ಲದವನು 1.55 ಕೋಟಿಯ ಕಾರಿಗೂ ಸುಮಾರು 20 ಲಕ್ಷದ ಕಾರಿಗೂ ವ್ಯತ್ಯಾಸ ಕಾಣಬಾರದು. ವ್ಯತ್ಯಾಸ ಕಾಣದವನು ಎರಡನೆಯದನ್ನೇ ಏಕೆ ಕೊಳ್ಳಬಾರದು? ಮನೆಯವರ ಸುರಕ್ಷತೆ ಎಂಬ ಉತ್ತರಕ್ಕೆ ಬೆಲೆ ಇದೆ. ಯುರೋಪಿನಲ್ಲಿ ಪೂರ್ಣ ಕಾರೆಂದೇ ಗಣನೆಯಾಗದಿದ್ದ ರೇವಾದಂಥ ಲಘು ವಾಹನದಲ್ಲಿ ಮೈಸೂರು ರಸ್ತೆಯ ಲಾರಿಗಳ ನಡುವೆ ಮಕ್ಕಳನ್ನು ಕೂರಿಸೆಂದು ಯಾರೂ ಹೇಳಲಾರರು. ಆದರೆ ಭಾರತದ್ದೇ ಆದ ಸುರಕ್ಷತಾ ಪರೀಕ್ಷೆಯಲ್ಲಿ ಮಹೀಂದ್ರದ ಬಿಇ 6, ಟಾಟಾದ ನೆಕ್ಸಾನ್ ಇವಿ ಎರಡಕ್ಕೂ ಐದು ತಾರೆಗಳು ಬಂದಿವೆ. ಜೀವರಕ್ಷಣೆಯ ಬೆಲೆ ಕೋಟಿ ದಾಟಬೇಕಾಗಿಲ್ಲ.

ಹಾಗಾಗಿ ಹೊಸಬರ ಕಾರೋ ಹಳಬರ ಕಾರೋ ಎಂಬ ಹೋಲಿಕೆಯನ್ನು ಷೋರೂಮಿನಲ್ಲಿ ಆರಂಭಿಸಿದರೆ ಅದು ಮುಗಿಯುವುದಿಲ್ಲ. ಮನೆಯಲ್ಲಿ, ಮಿತಿಯ ಸಂಖ್ಯೆಯನ್ನು ಬರೆದಿಟ್ಟ ಮೇಲೆ ಆರಂಭಿಸಿದರೆ ಬೇಗ ಮುಗಿಯುತ್ತದೆ. ದಿನಕ್ಕೆ ಎಷ್ಟು ದೂರ, ಎಷ್ಟು ಜನ, ಎಷ್ಟು ಹಣ ಎಂಬ ಮೂರು ಮಿತಿಗಳು ನಿಂತ ಮೇಲೆ ಚರ್ಮವಿಲ್ಲದ್ದು, ಕೋಬಾಲ್ಟಿಲ್ಲದ್ದು, ಹತ್ತು ವರ್ಷ ರಿಪೇರಿ ದೊರೆಯುವಂಥದು ಎಂದು ಸೋಸಿದರೆ ಉಳಿಯುವ ಕಾರುಗಳು ಮೂರೋ ನಾಲ್ಕೋ. ಅವುಗಳ ಪೈಕಿ ಹಳೆಯ ಹೆಸರೋ ಹೊಸ ಹೆಸರೋ ಎಂಬುದು ಬಣ್ಣದ ಆಯ್ಕೆಯಷ್ಟೇ ಗೌಣ.

ಸಮಂತಭದ್ರರ ಪಟ್ಟಿಗೆ ಕಾಲದ ಮಿತಿಯೂ ಉಂಟು. ಬದುಕಿರುವವರೆಗೆ ಬಿಡುವುದು ಯಮ. ಇಂದು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಬಿಡುವುದು ನಿಯಮ. ಕಾರನ್ನು ಮಾರಿಬಿಡಬೇಕೆಂದು ಯಾರನ್ನೂ ಬಲಾತ್ಕರಿಸದೆ ವಾಹನದ ಮೇಲಿನ ಹಿಡಿತವನ್ನು ಸಡಿಲಿಸುವ ಸುಲಭದ ದಾರಿ ಇದು. ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಇದು ಈಗ ಇನ್ನೂ ಸುಲಭ. 2014ರಲ್ಲಿ ರಾಜಾಜಿನಗರಕ್ಕೂ 2015ರಲ್ಲಿ ವಿಜಯನಗರಕ್ಕೂ 2021ರಲ್ಲಿ ಕೆಂಗೇರಿಗೂ ಮೆಟ್ರೋ ರೈಲು ಬಂದಿದೆ. ರಾಜಾಜಿನಗರದಲ್ಲಿ ಹತ್ತಿದವನು ರೈಲು ಬದಲಿಸದೆ ಐದನೆಯ ನಿಲ್ದಾಣವಾದ ಚಿಕ್ಕಪೇಟೆಯಲ್ಲಿ ಇಳಿಯಬಹುದು. ಅದೂ ವಿದ್ಯುತ್ ವಾಹನವೇ, ಅದಕ್ಕೆ ಮಾಲೀಕನಿಲ್ಲದ್ದರಿಂದ ಮಮಕಾರವೂ ಇಲ್ಲ. ದಶಲಕ್ಷಣ ಪರ್ವದ ಹತ್ತು ದಿನ ಸ್ವಂತ ವಾಹನ ಬಿಟ್ಟು ನಡೆದೋ ರೈಲಿನಲ್ಲೋ ಬಸದಿಗೆ ಹೋಗುತ್ತೇನೆಂಬ ನಿಯಮವನ್ನು ಏಕಾಶನದ ನಿಯಮದಷ್ಟೇ ಗಂಭೀರವಾಗಿ ತೆಗೆದುಕೊಳ್ಳಬಹುದು. ಕಾರಣವಿಲ್ಲದೆ ತಿರುಗುವುದನ್ನೂ ಬೇರೆಯವರನ್ನು ತಿರುಗಿಸುವುದನ್ನೂ ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಸೇರಿಸಿದ ಆಚಾರ್ಯರು, ಸುಮ್ಮನೆ ಒಂದು ಸುತ್ತು ಹೋಗಿಬರೋಣವೆಂದು ಹೊಸ ಕಾರಿನಲ್ಲಿ ನೈಸ್ ರಸ್ತೆಗೆ ಹೊರಡುವ ಭಾನುವಾರಗಳನ್ನು ಮುಂಗಂಡಿದ್ದರೋ ಏನೋ.

ಬೀದಿಯೂ ಪರಿಗ್ರಹದ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯುವುದು ಸುಲಭ. ರಾಜಾಜಿನಗರ, ವಿಜಯನಗರಗಳ ಮೂವತ್ತು ನಲವತ್ತರ ನಿವೇಶನದ ಮುಂಭಾಗ ಮೂವತ್ತು ಅಡಿ. ಬಿಎಂಡಬ್ಲ್ಯು ಐ7 ಕಾರಿನ ಉದ್ದ 5.39 ಮೀಟರು, ಅಂದರೆ ಹದಿನೇಳೂವರೆ ಅಡಿಗೂ ಹೆಚ್ಚು. ಮನೆಯೊಳಗೆ ಹಿಡಿಯದ ಕಾರು ಬೀದಿಯಲ್ಲಿ ನಿಂತಾಗ ಶಾಲೆಯ ಮಕ್ಕಳ, ತರಕಾರಿ ಗಾಡಿಯವನ ದಾರಿಯ ಒಂದು ಪಾಲನ್ನು ಅದು ಕೇಳದೆ ತೆಗೆದುಕೊಂಡಿರುತ್ತದೆ. ಕೊಡದಿದ್ದನ್ನು ತೆಗೆದುಕೊಳ್ಳುವುದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರು ಶ್ರಾವಕರಿಗೆ ಗೊತ್ತು.

ಕೊನೆಯದಾಗಿ ಟ್ರಸ್ಟುಗಳ ಮಾತು. ಮುನಿಗಳಿಗೂ ಸಾಧು ಸಾಧ್ವಿಯರಿಗೂ ವಾಹನವಿಲ್ಲ, ಅವರದು ಪಾದವಿಹಾರ. ಆದರೆ ಬಸದಿ ಮತ್ತು ಮಂದಿರಗಳ ಆಡಳಿತಕ್ಕೆ, ವೃದ್ಧರನ್ನು ಕರೆತರಲು, ಅತಿಥಿಗಳ ಸತ್ಕಾರಕ್ಕೆ ವಾಹನ ಬೇಕಾಗುತ್ತದೆ. ಭಕ್ತರೊಬ್ಬರು ದೊಡ್ಡ ವಿದ್ಯುತ್ ಕಾರನ್ನೇ ಕಾಣಿಕೆಯಾಗಿ ಕೊಡಲು ಮುಂದೆ ಬರುವ ಸಂದರ್ಭವೂ ಒದಗಬಹುದು. ಕಾಣಿಕೆಯಾದ್ದರಿಂದ ಖರ್ಚಿಲ್ಲವೆಂದು ಸಮಿತಿ ತಿಳಿಯಬಾರದು. ವಿಮೆ, ಟೈರು, ಚಾಲಕನ ಸಂಬಳ, ಕಂಪನಿಯ ವಾರಂಟಿ ಮುಗಿದ ಮೇಲೆ ಬ್ಯಾಟರಿಯ ಜವಾಬ್ದಾರಿ, ಇವೆಲ್ಲ ಹುಂಡಿಯ ಹಣದ ಮೇಲೆ ಬೀಳುತ್ತವೆ. ದೇವದ್ರವ್ಯವನ್ನು ಅದಕ್ಕೆ ಮುಟ್ಟಬಹುದೇ ಎಂಬ ಪ್ರಶ್ನೆ ಆಗ ಏಳುವುದಕ್ಕಿಂತ ಮೊದಲೇ ಎದ್ದರೆ ಒಳ್ಳೆಯದು. ಅದೇ ಮೊತ್ತದಲ್ಲಿ ಮೊಣಕಾಲು ನೋವಿನ ಹಿರಿಯರನ್ನು ಮೆಟ್ರೋ ನಿಲ್ದಾಣದಿಂದ ಬಸದಿಯ ಬಾಗಿಲಿಗೆ ತರುವ ಎರಡು ವಿದ್ಯುತ್ ಆಟೋಗಳು, ಅವುಗಳನ್ನು ಹಗಲಿನಲ್ಲೇ ಚಾರ್ಜು ಮಾಡಲು ಸಮುದಾಯ ಭವನದ ಚಾವಣಿಗೆ ಸೌರಫಲಕಗಳು ಬರುತ್ತವೆಂದು ದಾನಿಗಳಿಗೆ ವಿನಯದಿಂದ ತಿಳಿಸಬಹುದು. ಹೆಚ್ಚಿನ ದಾನಿಗಳು ಒಪ್ಪುತ್ತಾರೆ. ಒಪ್ಪದೆ ಕಾರನ್ನೇ ಕೊಡುವೆನೆಂದರೆ ಆಸನ, ಸ್ಟೀರಿಂಗ್, ಬಾಗಿಲಿನ ಹೊದಿಕೆಗಳಲ್ಲಿ ಪ್ರಾಣಿಯ ಚರ್ಮವಿಲ್ಲವೆಂದು ಕಂಪನಿಯಿಂದ ಒಂದು ಪತ್ರವನ್ನು ಕೇಳಬೇಕು. ಆ ಪತ್ರ ಕೈಸೇರುವವರೆಗೆ ಕೀಲಿಕೈ ಸ್ವೀಕರಿಸುವ ಸಮಾರಂಭಕ್ಕೆ ದಿನಾಂಕ ಗೊತ್ತುಮಾಡಬೇಕಾಗಿಲ್ಲ.